ಕೋದಂಡಪ್ಪನ ರುಜು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಬೆಳಗಿನ ರೈಲಿನಲ್ಲಿ ಓಡಾಡುವವರೆಲ್ಲ ಕೋದಂಡಪ್ಪನನ್ನು ಬಲ್ಲರು. ಹೆಗಲ ಮೇಲೆ ಬೆತ್ತದ ಸುರುಳಿ, ಕೈಯಲ್ಲಿ ಬಿಳಿ ಕೋಲು. ಯಾರಾದರೂ ಜಾಗ ಬಿಟ್ಟುಕೊಟ್ಟರೆ ಕೂರುತ್ತಿದ್ದ, ಇಲ್ಲದಿದ್ದರೆ ಬಾಗಿಲ ಪಕ್ಕ ಸುರುಳಿಗೆ ಒರಗಿ ನಿಲ್ಲುತ್ತಿದ್ದ. ಇಳಿಯುವ ಊರಿಗಾಂ ಸ್ಟೇಷನ್ ಬಂತು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವನದು ಬೇತಮಂಗಲದ ಹತ್ತಿರ ಒಂದು ಹಳ್ಳಿ. ಇನ್ನೂ ಶಾಲೆಗೆ ಸೇರಿರಲಿಲ್ಲ, ಸಿಡುಬು ಬಂದು ಎರಡು ಕಣ್ಣೂ ಹೋದವು. ಸೋದರಮಾವನೊಬ್ಬ ಹಟ ಹಿಡಿದು ಬೆಂಗಳೂರಿಗೆ ಕರೆದೊಯ್ದು ಕಣ್ಣಿಲ್ಲದ ಮಕ್ಕಳ ಶಾಲೆಗೆ ಬಿಟ್ಟುಬಂದ. ಅಲ್ಲಿ ಬೆರಳಿನಿಂದ ಮುಟ್ಟಿ ಚುಕ್ಕಿ ಅಕ್ಷರ ಓದಲು ಕಲಿತ. ಅದಕ್ಕಿಂತ ಹೆಚ್ಚಾಗಿ ಬೆತ್ತದ ಕುರ್ಚಿ ಹೆಣೆಯಲು ಕಲಿತ. ಚಿನ್ನದ ಗಣಿಯ ಊರಿನಲ್ಲಿ ಆ ಕೆಲಸಕ್ಕೆ ಬರವಿರಲಿಲ್ಲ. ಬಿಳಿಯರ ಕಾಲದ ಬಂಗಲೆಗಳು, ಕಚೇರಿಗಳು, ಆಸ್ಪತ್ರೆಯ ಜಗುಲಿಗಳು, ಎಲ್ಲೆಲ್ಲೂ ಬೆತ್ತದ ಕುರ್ಚಿಗಳೇ. ಕೂತು ಕೂತು ಹೆಣಿಗೆ ಜೋತುಬಿದ್ದ ಕುರ್ಚಿಯನ್ನು ಅವನ ಮುಂದಿಟ್ಟರೆ ಹಳೆಯ ಬೆತ್ತವನ್ನು ಬಿಡಿಸಿ, ಹೊಸ ಎಳೆಗಳನ್ನು ನೀರಿನಲ್ಲಿ ನೆನೆಸಿ, ಸಂಜೆಯೊಳಗೆ ತಮಟೆಯ ಹಾಗೆ ಬಿಗಿ ಮಾಡಿ ಕೊಡುತ್ತಿದ್ದ. ಮದುವೆಯೂ ಆಯಿತು. ಹೆಂಡತಿ ಮುನಿರತ್ನಮ್ಮ ಪಕ್ಕದ ಹಳ್ಳಿಯವಳು, ನಾಲ್ಕನೇ ಕ್ಲಾಸು ಓದಿದ್ದಳು. ಬಂಗಾರಪೇಟೆಯಲ್ಲಿ ರೈಲ್ವೆ ಗೇಟಿನ ಆಚೆ ಒಂದು ಬಾಡಿಗೆ ಮನೆ, ಅದರ ಮುಂದಿನ ಚಪ್ಪರದಲ್ಲೇ ಅವನ ಕೆಲಸ.

ಕೆಲಸದಲ್ಲಿ ಅವನಿಗೆ ಯಾವ ತೊಡಕೂ ಇರಲಿಲ್ಲ. ತೊಡಕು ಇದ್ದದ್ದು ಕೂಲಿ ಕೈಗೆ ಬರುವಾಗ. ನೋಟನ್ನು ಬೆರಳುಗಳ ನಡುವೆ ಉದ್ದಕ್ಕೆ ಹಿಡಿದು ಇದು ಹತ್ತು, ಇದು ಇಪ್ಪತ್ತು ಎಂದು ಹೇಳಬಲ್ಲವನಾಗಿದ್ದ. ಆದರೆ ಹರಿದು ಅಂಟಿಸಿದ್ದು, ಎಣ್ಣೆ ಕುಡಿದದ್ದು, ಅಂಚು ಸವೆದದ್ದು ಕೈಗೆ ಬಂದರೆ ಲೆಕ್ಕ ತಪ್ಪುತ್ತಿತ್ತು. ಒಂದು ಕಚೇರಿಯಲ್ಲಂತೂ ಜವಾನನೇ ಒಳಗಿನಿಂದ ಹಣ ತಂದು ಕೊಡುತ್ತಿದ್ದ, ಬಾಗಿಲು ದಾಟಿ ಬರುವಷ್ಟರಲ್ಲಿ ಅದು ಸ್ವಲ್ಪ ಸೊರಗಿರುತ್ತಿತ್ತು. ಕೋದಂಡಪ್ಪನಿಗೆ ಗೊತ್ತಾಗುತ್ತಿತ್ತು. ಜಗಳ ಆಡಿದರೆ ಮುಂದಿನ ಸಲ ಕುರ್ಚಿಯೇ ಸಿಗುವುದಿಲ್ಲ ಎಂದು ಸುಮ್ಮನಾಗುತ್ತಿದ್ದ. ಬೆತ್ತ ಕೊಳ್ಳಲು ಬೆಂಗಳೂರಿಗೆ ಹೋಗುವಾಗ ಇನ್ನೂ ಕಷ್ಟ. ಒಮ್ಮೆ ದಂಡು ಸ್ಟೇಷನ್ನಿನಲ್ಲಿ ಇಳಿದು ನೋಡಿದರೆ ಒಳಜೇಬು ಬ್ಲೇಡಿನಿಂದ ಕುಯ್ದಿತ್ತು. ಅವತ್ತು ಬರಿಗೈಯಲ್ಲಿ ವಾಪಸು ಬಂದವನು ಊಟ ಮಾಡದೆ ಮಲಗಿದ.

ಸಾವಿರದ ಒಂಬೈನೂರ ಎಂಬತ್ತಮೂರರ ಸುಮಾರಿಗೆ ಗಣಿಯ ಊರಿನ ದೊಡ್ಡ ಕಾರ್ಖಾನೆಯ ಕಚೇರಿಗೆ ಚಿತ್ರದುರ್ಗದ ಕಡೆಯಿಂದ ಓಂಕಾರಪ್ಪ ಎಂಬ ಅಧಿಕಾರಿ ಬಂದ. ಕೋದಂಡಪ್ಪ ಅಲ್ಲಿ ಒಂದು ರಾಶಿ ಕುರ್ಚಿಗಳನ್ನು ಹೆಣೆದು ಮುಗಿಸಿದ್ದ. ಓಂಕಾರಪ್ಪ ಅವನನ್ನು ತನ್ನ ಕೋಣೆಗೇ ಕರೆಸಿ ಕೂರಿಸಿ, ಇನ್ನು ಮುಂದೆ ಸಣ್ಣ ಕೆಲಸದವರಿಗೂ ನಗದು ಕೊಡುವುದಿಲ್ಲ, ಎಲ್ಲರಿಗೂ ಚೆಕ್ಕೇ ಎಂದು ಹೇಳಿ ಒಂದು ಕಾಗದವನ್ನು ಅವನ ಕೈಗಿಟ್ಟ.

ಕೋದಂಡಪ್ಪ ಅದನ್ನು ಎರಡೂ ಕಡೆ ಸವರಿದ. ನುಣ್ಣಗಿತ್ತು. ನೋಟಿನ ತರಿ ಇಲ್ಲ, ಹತ್ತಾರು ಕೈ ದಾಟಿ ಬಂದ ಮೆದುವಿಲ್ಲ.

"ಇದ್ರಲ್ಲಿ ಕೈಗೇನೂ ಸಿಕ್ತಿಲ್ವಲ್ಲ ಸ್ವಾಮಿ," ಅಂದ.

ಓಂಕಾರಪ್ಪ ಸಾವಧಾನವಾಗಿ ವಿವರಿಸಿದ. ಅದರ ಮೇಲೆ ಕೋದಂಡಪ್ಪನ ಹೆಸರು ಬರೆದಿದೆ, ಮೂಲೆಯಲ್ಲಿ ಎರಡು ಗೀಟು ಎಳೆದಿದೆ. ಆ ಗೀಟು ಇದ್ದರೆ ಹಣ ಅವನ ಬ್ಯಾಂಕ್ ಖಾತೆಗೇ ಹೋಗಬೇಕು, ಬೇರೆ ದಾರಿಯಿಲ್ಲ.

"ದಾರೀಲಿ ಯಾರಾನ ಕಿತ್ಕಂಡ್ರೆ?"

"ಕಿತ್ತುಕೊಂಡ್ರೂ ಅವರಿಗೆ ಅದು ಬರೀ ಕಾಗದ ಕಣಪ್ಪ. ನಿಮ್ಮ ಹೆಸರಲ್ಲಿರೋದು ನಿಮಗೇ."

ಕೋದಂಡಪ್ಪ ಆ ಮಾತನ್ನು ಇನ್ನೊಂದು ಸಲ ಹೇಳಿಸಿಕೊಂಡ. ಅವತ್ತು ರೈಲಿನಲ್ಲಿ ಅವನು ಜೇಬಿನ ಮೇಲೆ ಕೈಯಿಡದೆ ಕೂತಿದ್ದ. ಹಣ ಪಡೆದ ದಿನ ಹಾಗೆ ಕೂತದ್ದು ಅವನ ಜೀವಮಾನದಲ್ಲೇ ಮೊದಲು. ಮನೆಗೆ ಬಂದು ಹೆಂಡತಿಗೆ ಅದನ್ನೇ ಹೇಳಿದ. ಮುನಿರತ್ನಮ್ಮನಿಗೆ ಸಮಾಧಾನವಾಗಲಿಲ್ಲ. ದುಡ್ಡು ಅಕ್ಕಿ ಡಬ್ಬದಲ್ಲಿದ್ದರೆ ಬೇಕೆಂದಾಗ ಮುಟ್ಟಿ ನೋಡಬಹುದು, ಬ್ಯಾಂಕಿನಲ್ಲಿರುವುದನ್ನು ಯಾರು ನೋಡಿದವರು ಎಂಬುದು ಅವಳ ವಾದ. ನನಗೆ ಅಕ್ಕಿ ಡಬ್ಬವೂ ಒಂದೇ ಬ್ಯಾಂಕೂ ಒಂದೇ, ಎರಡೂ ಕಾಣುವುದಿಲ್ಲ ಎಂದು ಅವನು ನಕ್ಕ.

ಬಂಗಾರಪೇಟೆಯ ಬ್ಯಾಂಕಿನಲ್ಲಿ ಖಾತೆ ತೆರೆಯುವುದು ಕಷ್ಟವಾಗಲಿಲ್ಲ. ಪರಿಚಯದ ಸಹಿಯನ್ನು ಓಂಕಾರಪ್ಪನೇ ಹಾಕಿದ, ಕೋದಂಡಪ್ಪ ಹೆಬ್ಬೆಟ್ಟು ಒತ್ತಿದ. ಚೆಕ್ಕು ಒಳಗೆ ಹೋಯಿತು, ಕೆಲವು ದಿನಗಳ ಮೇಲೆ ಹಣ ಜಮೆಯಾಯಿತು. ಆಗ ಅವನು ಕೌಂಟರಿನಲ್ಲಿದ್ದ ವಿಶ್ವನಾಥ್ ಎಂಬ ಗುಮಾಸ್ತನನ್ನು ಕೇಳಿದ, ನನಗೂ ಅಂಥ ಕಾಗದಗಳ ಪುಸ್ತಕ ಕೊಡಿ, ಬೆತ್ತದ ಅಂಗಡಿಗೆ ನಾನೂ ಹಾಗೇ ಬರೆದುಕೊಡುತ್ತೇನೆ ಎಂದು. ವಿಶ್ವನಾಥ್ ಅವನನ್ನು ಮ್ಯಾನೇಜರ ಹತ್ತಿರ ಕರೆದುಕೊಂಡು ಹೋದ.

ಮ್ಯಾನೇಜರು ಕೆಟ್ಟವರಲ್ಲ. ಕಾಫಿ ತರಿಸಿಕೊಟ್ಟರು. ಆಮೇಲೆ, ಕಣ್ಣಿಲ್ಲದವರಿಗೆ ಚೆಕ್ ಬುಕ್ ಕೊಡುವ ರೂಢಿಯಿಲ್ಲ, ಹಣ ಬೇಕಾದಾಗ ಸಾಕ್ಷಿಯೊಬ್ಬರನ್ನು ಕರೆದುಕೊಂಡು ಬಂದು ಹೆಬ್ಬೆಟ್ಟು ಒತ್ತಿ ತೆಗೆದುಕೊಂಡು ಹೋಗಬಹುದು ಎಂದರು. ಯಾರಾದರೂ ಸುಳ್ಳು ಮೊತ್ತ ಬರೆದು ಕೈಗೆ ಕೊಟ್ಟರೆ ಏನು ಮಾಡುತ್ತೀರಿ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದೂ ಸೇರಿಸಿದರು.

ಕೋದಂಡಪ್ಪ ಕಾಫಿ ಲೋಟವನ್ನು ಹುಷಾರಾಗಿ ಮೇಜಿನ ಮೇಲಿಟ್ಟ.

"ಕಣ್ಣಿರೋರು ಯಾರೂ ಮೋಸ ಓಗಿಲ್ವಾ ಸ್ವಾಮಿ? ಅವ್ರ್ ಪುಸ್ತಕ ಏನಾನ ವಾಪಸ್ ಇಸ್ಕಂಡಿದೀರಾ?"

ಮ್ಯಾನೇಜರು ಇನ್ನೊಂದು ತೊಡಕನ್ನು ಮುಂದಿಟ್ಟರು. ಚೆಕ್ಕಿಗೆ ರುಜು ಬೇಕು, ಹೆಬ್ಬೆಟ್ಟು ನಡೆಯುವುದಿಲ್ಲ. ಆ ರುಜುವೂ ಪ್ರತಿ ಸಲ ಒಂದೇ ಥರ ಇರಬೇಕು. ಅದು ನಿಮ್ಮಿಂದ ಆದರೆ ಆಗ ಬನ್ನಿ, ನೋಡೋಣ ಎಂದರು. ಮಾತನ್ನು ಮುಗಿಸುವುದಕ್ಕೆ ಹಾಗೆಂದರೋ ನಿಜವಾಗಿಯೇ ಅಂದರೋ, ಅವರಿಗೇ ಗೊತ್ತಿರಲಿಲ್ಲ. ಕೋದಂಡಪ್ಪ ಮಾತ್ರ ಅದನ್ನು ನಿಜವೆಂದೇ ಹಿಡಿದುಕೊಂಡು ಹೊರಗೆ ಬಂದ.

ಅವನಿಗೆ ಗೊತ್ತಿದ್ದದ್ದು ಚುಕ್ಕಿ ಅಕ್ಷರ. ಮಸಿಯಲ್ಲಿ ಬರೆಯುವ ಅಕ್ಷರಗಳ ಆಕಾರವೇ ಅವನಿಗೆ ತಿಳಿದಿರಲಿಲ್ಲ. ಮುನಿರತ್ನಮ್ಮ ಮೊದಲು ಅವನ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಲು ನೋಡಿದಳು. ಕೈ ಬಿಟ್ಟ ಕೂಡಲೇ ಬಳಪ ದಿಕ್ಕು ತಪ್ಪುತ್ತಿತ್ತು. ಹಾಗೇ ಒಂದು ವಾರ ಕಳೆಯಿತು, ಇಬ್ಬರಿಗೂ ಬೇಸರ ಬಂತು. ಒಂದು ಮಧ್ಯಾಹ್ನ ಚಪ್ಪರದಲ್ಲಿ ಅವನು ಕುರ್ಚಿ ಹೆಣೆಯುತ್ತಿದ್ದುದನ್ನು ನೋಡುತ್ತ ಕೂತಿದ್ದ ಅವಳಿಗೆ ಒಂದು ಯೋಚನೆ ಹೊಳೆಯಿತು. ನೆನೆಸಿದ ಬೆತ್ತದ ಎಳೆಯೊಂದನ್ನು ಎತ್ತಿಕೊಂಡು ಬಗ್ಗಿಸಿ ಬಗ್ಗಿಸಿ 'ಕೋ' ಮಾಡಿದಳು. ಅದನ್ನು ಹಳೆಯ ಮಣೆಯೊಂದರ ಮೇಲಿಟ್ಟು ಸಣ್ಣ ಮೊಳೆ ಹೊಡೆದಳು. ಪಕ್ಕದಲ್ಲಿ 'ದಂ', ಆಮೇಲೆ 'ಡ', ಕೊನೆಗೆ 'ಪ್ಪ'. ಒಣಗಿದ ಮೇಲೆ ಆ ಮಣೆಯನ್ನು ಗಂಡನ ತೊಡೆಯ ಮೇಲಿಟ್ಟಳು.

"ಬೆತ್ತ ಅಂದ್ರೆ ನಿಮ್ ಕೈಗೆ ಗೊತ್ತಲ್ಲ. ಈಗ ಓದಿ."

ಕೋದಂಡಪ್ಪ ಬೆರಳಾಡಿಸಿದ. ಕನ್ನಡದ ಅಕ್ಷರಗಳು ಇಷ್ಟು ದುಂಡಗೆ, ಇಷ್ಟೊಂದು ತಿರುವುಗಳಲ್ಲಿ ಇರುತ್ತವೆಂದು ನಡುವಯಸ್ಸಿನ ಅವನಿಗೆ ತಿಳಿದದ್ದು ಆಗಲೇ. ತನ್ನ ಹೆಸರು ಹೀಗಿದೆ ಎಂದು ಅವನು ಎಷ್ಟೋ ಹೊತ್ತು ಅದನ್ನೇ ಸವರುತ್ತ ಕೂತ. 'ದ'ಕ್ಕೂ 'ಡ'ಕ್ಕೂ ಇರುವ ವ್ಯತ್ಯಾಸ ಬೆರಳಿಗೆ ಹತ್ತಲು ಕೆಲವು ದಿನ ಹಿಡಿಯಿತು. ಒತ್ತಕ್ಷರವಂತೂ ತಿಂಗಳುಗಟ್ಟಲೆ ಕಾಡಿತು, 'ಪ'ದ ಕೆಳಗೆ ಬರಬೇಕಾದದ್ದು ಒಮ್ಮೊಮ್ಮೆ ಕಾಗದ ಬಿಟ್ಟು ಮಣೆಯ ಮೇಲೆ ಬೀಳುತ್ತಿತ್ತು. ಬೆರಳಿನಿಂದ ಮಣೆಯ ಮೇಲೆ, ಬಳಪದಿಂದ ಸ್ಲೇಟಿನ ಮೇಲೆ, ಆಮೇಲೆ ಪೆನ್ನಿನಿಂದ ಹಳೆಯ ಸುದ್ದಿಪತ್ರಿಕೆಗಳ ಮೇಲೆ ಬರೆದ. ಬೆಳಿಗ್ಗೆ ರೈಲಿಗೆ ಕಾಯುವಾಗ ತೊಡೆಯ ಮೇಲೆ ತೋರುಬೆರಳಿನಿಂದ ತಿದ್ದುತ್ತಿದ್ದ. ಅಕ್ಕಪಕ್ಕದವರು ಇದನ್ನು ನೋಡಿ ಏನು ಎಂದು ಕೇಳಿದರೆ ನಾಚಿಕೆಯಿಲ್ಲದೆ ಹೇಳುತ್ತಿದ್ದ. ಕೆಲವರು ನಕ್ಕರು. ಕುರ್ಚಿ ಹೆಣೆಯುವವನಿಗೆ ಚೆಕ್ ಬುಕ್ ಏಕೆ ಎಂದು ಅವನ ಅಣ್ಣನೇ ಊರಿನಿಂದ ಬಂದು ಬೈದು ಹೋದ.

ನಡುನಡುವೆ ಬ್ಯಾಂಕಿಗೆ ಹೋಗಿ ವಿಶ್ವನಾಥನಿಗೆ ತೋರಿಸುತ್ತಿದ್ದ. ಸಾಲು ಸೊಟ್ಟಗಾಗುತ್ತದೆ, ರುಜು ಹಾಕುವ ಜಾಗ ಸಿಗುವುದಿಲ್ಲ ಎಂಬುದು ಉಳಿದ ತೊಂದರೆ. ವಿಶ್ವನಾಥ್ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ. ಒಂದು ಭಾನುವಾರ ಅವನೇ ಮನೆ ಹುಡುಕಿಕೊಂಡು ಬಂದ. ಚೆಕ್ಕಿನ ಅಳತೆಗೆ ಕತ್ತರಿಸಿದ ದಪ್ಪ ರಟ್ಟು ತಂದಿದ್ದ. ಹೆಸರು, ಮೊತ್ತ, ರುಜು ಬರಬೇಕಾದ ಕಡೆಗಳಲ್ಲಿ ಬ್ಲೇಡಿನಿಂದ ಉದ್ದುದ್ದ ಕಿಂಡಿ ಮಾಡಿದ್ದ. ರಟ್ಟನ್ನು ಕಾಗದದ ಮೇಲೆ ಕೂರಿಸಿಕೊಂಡು ಕೆಳಗಿನ ಕಿಂಡಿಯೊಳಗೆ ಬರೆದರೆ ರುಜು ಅಲ್ಲೇ ಬೀಳುತ್ತಿತ್ತು, ಸಾಲೂ ನೆಟ್ಟಗಿರುತ್ತಿತ್ತು. ಮುನಿರತ್ನಮ್ಮ ಅವನನ್ನು ಊಟ ಮಾಡದೆ ಹೋಗಲು ಬಿಡಲಿಲ್ಲ. ಅವತ್ತು ಮೂವರೂ ಸಂಜೆಯವರೆಗೆ ಬರೀ ರುಜು ಹಾಕುವುದನ್ನೇ ಆಟ ಮಾಡಿಕೊಂಡರು. ಗುಮಾಸ್ತನ ರುಜುವೇ ಎರಡು ಸಲ ಒಂದೇ ಥರ ಬರಲಿಲ್ಲವೆಂದು ಮುನಿರತ್ನಮ್ಮ ನಕ್ಕಳು.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಕೋದಂಡಪ್ಪ ಮ್ಯಾನೇಜರ ಮುಂದೆ ಕೂತ. ಅವರು ಬಿಳಿ ಹಾಳೆ ಕೊಟ್ಟರು. ಅವನು ರಟ್ಟನ್ನು ಜೋಡಿಸಿ, ಹೆಬ್ಬೆರಳಿನಿಂದ ಕಿಂಡಿಯ ತುದಿ ಮುಟ್ಟಿ ನೋಡಿ, ನಿಧಾನವಾಗಿ ಬರೆದ. ಇನ್ನೊಂದು ಹಾಳೆ ಕೊಟ್ಟರು, ಬರೆದ. ಮಾತಾಡಿಸುತ್ತ ಇನ್ನೊಂದು ಕೊಟ್ಟರು, ಅದರಲ್ಲೂ ಬರೆದ. ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದ ಮ್ಯಾನೇಜರು ಬಹಳ ಹೊತ್ತು ಕೈ ಇಳಿಸಲಿಲ್ಲ. ನಾನು ಮೇಲಿನ ಕಚೇರಿಗೆ ಬರೆಯುತ್ತೇನೆ ಕೋದಂಡಪ್ಪನವರೇ ಎಂದರು. ಅಲ್ಲಿಯವರೆಗೆ ಅವರು ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ.

ಬರೆದರು, ಉತ್ತರ ಬರಲಿಲ್ಲ. ಮತ್ತೆ ಬರೆದರು. ಬೆಂಗಳೂರಿಗೆ ಮೀಟಿಂಗಿಗೆ ಹೋದಾಗ ಆ ಹಾಳೆಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗಿ ಮೇಲಧಿಕಾರಿಗಳ ಮೇಜಿನ ಮೇಲೆ ಹರಡಿದರಂತೆ. ಕೊನೆಗೆ ಒಪ್ಪಿಗೆ ಬಂತು. ಆದರೆ ಏನೇ ನಷ್ಟವಾದರೂ ತಾನೇ ಹೊಣೆ ಎಂದು ಅವನಿಂದ ಬರೆಸಿಕೊಳ್ಳಬೇಕು ಎಂಬ ಷರತ್ತಿತ್ತು. ಮ್ಯಾನೇಜರು ಅದನ್ನು ಓದಿ ಹೇಳಿದರು. ಕಣ್ಣಿರುವವರಿಂದಲೂ ಹೀಗೆ ಬರೆಸಿಕೊಳ್ಳುತ್ತೀರಾ ಎಂದು ಕೋದಂಡಪ್ಪ ಕೇಳಿದ. ಇಲ್ಲ ಎಂದು ಅವರು ಇದ್ದದ್ದನ್ನೇ ಹೇಳಿದರು. ಅವನಿಗೆ ಬೇಸರವಾಯಿತು. ಎದ್ದು ಹೋಗಬೇಕೆನ್ನಿಸಿದ್ದೂ ಉಂಟು. ಆದರೆ ತನ್ನ ಹಿಂದೆ ಇನ್ನೊಬ್ಬ ಬರುವಾಗ ಈ ಬಾಗಿಲು ಸ್ವಲ್ಪವಾದರೂ ತೆರೆದಿರಲಿ ಎಂದುಕೊಂಡು ರಟ್ಟು ತೆಗೆದು ರುಜು ಹಾಕಿದ.

ಚೆಕ್ ಬುಕ್ ಹಿಡಿದುಕೊಂಡು ಅವನು ಮೊದಲು ಹೋದದ್ದು ಬೆಂಗಳೂರಿನ ಬೆತ್ತದ ಮಂಡಿಗೆ. ಮಂಡಿಯ ಕುಪ್ಪುಸ್ವಾಮಿ ಅವನಿಗೆ ಎಷ್ಟೋ ವರ್ಷಗಳಿಂದ ಪರಿಚಿತ. ಒಳ್ಳೆಯ ಬೆತ್ತ ಬಂದರೆ ಅವನಿಗೆಂದು ತೆಗೆದಿಡುತ್ತಿದ್ದ. ಕೋದಂಡಪ್ಪ ಸುರುಳಿಗಳನ್ನು ಬಗ್ಗಿಸಿ ನೋಡಿ ಆರಿಸಿದ. ಮೊತ್ತವನ್ನು ಕುಪ್ಪುಸ್ವಾಮಿಯ ಎದುರಿಗೇ ಗುಮಾಸ್ತನೊಬ್ಬನಿಂದ ಬರೆಸಿ, ಇನ್ನೊಬ್ಬನಿಂದ ಓದಿಸಿಕೊಂಡು, ರಟ್ಟಿಟ್ಟು ರುಜು ಹಾಕಿ ಮುಂದೆ ಚಾಚಿದ. ಕುಪ್ಪುಸ್ವಾಮಿ ಅದನ್ನು ಮುಟ್ಟಲಿಲ್ಲ. ಬೆತ್ತದ ವ್ಯಾಪಾರವೆಲ್ಲ ನಗದಿನಲ್ಲೇ ನಡೆಯುವಂಥದ್ದು. ಸಣ್ಣ ಗಿರಾಕಿಯಿಂದ ಅವನು ಯಾವತ್ತೂ ಚೆಕ್ಕು ತೆಗೆದುಕೊಂಡವನಲ್ಲ.

"ವೇಣಾಂ ಕೋದಂಡಪ್ಪ. ನೀನು ಬೆತ್ತ ತಗೊಂಡು ಓಗು. ದುಡ್ಡು ಇದ್ದಾಗ ಕೊಡು. ಈ ಪೇಪರ್ ಮಾತ್ರ ಬೇಡ."

ಸಾಲ ಕೊಡಲು ಒಪ್ಪುವವನು ಚೆಕ್ಕು ಬೇಡ ಎನ್ನುತ್ತಾನೆ. ಕೋದಂಡಪ್ಪ ಅಲ್ಲೇ ನಿಂತು ಯೋಚಿಸಿದ. ಕೋಪ ಮಾಡಿಕೊಳ್ಳಲಿಲ್ಲ.

"ಅಂಗಾದ್ರೆ ಇಂಗ್ ಮಾಡಾನ. ಬೆತ್ತ ನಿನ್ ಅಂಗ್ಡೀಲೇ ಇರ್ಲಿ, ಚೆಕ್ಕೂ ನಿನ್ ತಾವೇ ಇರ್ಲಿ. ಬ್ಯಾಂಕಿಗೆ ಆಕಿ ನೋಡು. ದುಡ್ಡು ಬಂದ್ರೆ ಬೆತ್ತ ರೈಲಿಗೆ ಆಕು. ಬರ್ದಿದ್ರೆ ಹರ್ದಾಕು."

ಹಾಗೆಂದು ಬೆತ್ತವನ್ನೂ ಚೆಕ್ಕನ್ನೂ ಅಲ್ಲೇ ಬಿಟ್ಟು ಸ್ಟೇಷನ್ನಿಗೆ ನಡೆದ. ಮನೆಗೆ ಬಂದಾಗ ಮುನಿರತ್ನಮ್ಮನಿಗೆ ಗಾಬರಿಯಾಯಿತು. ಎರಡೂ ಅವನ ಹತ್ತಿರವೇ ಬಿಟ್ಟು ಬಂದಿರಾ ಎಂದಳು. ನಾನು ಅವನನ್ನು ನಂಬದೆ ಅವನು ನನ್ನ ರುಜುವನ್ನು ನಂಬಬೇಕು ಎಂದರೆ ಹೇಗೆ ಎಂದು ಕೋದಂಡಪ್ಪ ಕೇಳಿದ. ಅವನಿಗೂ ಒಳಗೊಳಗೆ ಅಳುಕಿತ್ತು.

ಬಂಗಾರಪೇಟೆಯ ಚೆಕ್ಕು ಬೆಂಗಳೂರಿನಲ್ಲಿ ಹಣವಾಗುವುದು ಆ ಕಾಲದಲ್ಲಿ ಒಂದೆರಡು ದಿನದ ಮಾತಲ್ಲ. ಅದು ಟಪಾಲಿನಲ್ಲಿ ಬರಬೇಕು, ಇಲ್ಲಿ ಪಾಸಾಗಬೇಕು, ಮತ್ತೆ ಟಪಾಲಿನಲ್ಲಿ ಹೋಗಬೇಕು. ಚಪ್ಪರದಲ್ಲಿ ಬೆತ್ತ ಮುಗಿದುಹೋಗಿತ್ತು. ಊರಿಗಾಂನ ಬಂಗಲೆಯೊಂದರಿಂದ ಬಂದಿದ್ದ ಕುರ್ಚಿಗಳು ಬರೀ ಚೌಕಟ್ಟಾಗಿ ಗೋಡೆಗೆ ಒರಗಿದ್ದವು. ಅವನು ಆ ಚೌಕಟ್ಟುಗಳನ್ನು ಮರಳುಕಾಗದದಿಂದ ಉಜ್ಜುತ್ತ ದಿನ ದೂಡಿದ. ಬೇಗ ಕುರ್ಚಿ ಹೆಣೆದು ಕೊಡದಿದ್ದರೆ ಕೆಲಸ ಬೇರೆಯವರಿಗೆ ಕೊಡುತ್ತೇವೆ ಎಂದು ಬಂಗಲೆಯವರು ಹೇಳಿಕಳಿಸಿದರು. ಒಂದು ಬೆಳಿಗ್ಗೆ ವಿಶ್ವನಾಥ್ ಸೈಕಲಿನಲ್ಲಿ ಬಂದು, ಇಳಿಯದೆ, ಒಂದು ಕಾಲು ನೆಲಕ್ಕೆ ಊರಿಕೊಂಡೇ ಹೇಳಿದ. ಚೆಕ್ಕು ಬಂದಿತ್ತು. ರುಜುವನ್ನು ನಾನೇ ತಾಳೆ ನೋಡಿದೆ, ಮ್ಯಾನೇಜರೂ ನೋಡಿದರು, ನಿನ್ನೆ ಪಾಸು ಮಾಡಿ ಕಳಿಸಿದೆವು.

ಮುಂದಿನ ವಾರ ಸ್ಟೇಷನ್ನಿನ ಪಾರ್ಸಲ್ ಆಫೀಸಿನವರು ಹೇಳಿಕಳಿಸಿದರು. ಗಂಡಹೆಂಡತಿ ಒಂದು ಕೈಗಾಡಿ ತೆಗೆದುಕೊಂಡು ಹೋದರು. ಬೆತ್ತದ ಕಟ್ಟುಗಳ ಪಕ್ಕದಲ್ಲೇ ಕುಪ್ಪುಸ್ವಾಮಿ ನಿಂತಿದ್ದ. ಅದೇ ರೈಲಿನಲ್ಲಿ ಬಂದಿದ್ದ. ಬೆತ್ತವನ್ನು ರೈಲಿಗೆ ಹಾಕಿದ ಮೇಲೆ ಮನಸ್ಸು ತಡೆಯಲಿಲ್ಲ, ಅವತ್ತು ಹಾಗೆ ಕಳಿಸಿದ್ದಕ್ಕೆ ಮುಖ ತೋರಿಸಿ ಹೋಗೋಣ ಎನ್ನಿಸಿತು ಎಂದ. ಕೈಗಾಡಿಯನ್ನು ಮನೆಯವರೆಗೆ ಅವನೇ ತಳ್ಳಿದ. ಮುದ್ದೆ, ಅವರೆಕಾಳಿನ ಸಾರು ಉಂಡ. ಹೋಗುವಾಗ, ಮುಂದಿನ ಸಲ ಅಷ್ಟು ದೂರ ಬರಬೇಡ, ಚೆಕ್ಕು ಟಪಾಲಿಗೆ ಹಾಕು, ಬೆತ್ತ ನಾನು ಕಳಿಸುತ್ತೇನೆ ಎಂದು ಹೇಳಿ ಹೋದ.

ಅಲ್ಲಿಂದ ಮುಂದೆ ಹಾಗೇ ನಡೆಯಿತು. ಕೋದಂಡಪ್ಪ ಜೇಬಿನಲ್ಲಿ ರೈಲಿನ ಚಾರ್ಜು, ಟೀ ಕಾಸು ಬಿಟ್ಟು ಬೇರೆ ಹಣ ಇಟ್ಟುಕೊಂಡು ತಿರುಗಲಿಲ್ಲ. ಜವಾನ ಕೈಯಲ್ಲಿ ಹಣ ಸೊರಗಿಸುತ್ತಿದ್ದ ಕಚೇರಿಗೂ ಹೋಗಿ ತನಗೆ ಚೆಕ್ಕೇ ಬೇಕೆಂದು ಕೇಳಿದ. ಅಲ್ಲಿಯ ಸಾಹೇಬರು ಇವನ ರುಜುವಿನ ಸುದ್ದಿ ಕೇಳಿದ್ದರು, ಒಪ್ಪಿಕೊಂಡರು. ಚಿನ್ನದ ಗಣಿಯ ಮೈಸೂರು ಮೈನ್ಸ್ ಕಡೆಯಿಂದ ಮಾರಿಯಮ್ಮ ಎಂಬ ಹೆಂಗಸು ಒಮ್ಮೆ ಅವನನ್ನು ಹುಡುಕಿಕೊಂಡು ಬಂದಳು. ವಯಸ್ಸಾದ ಮೇಲೆ ಕಣ್ಣು ಹೋದವಳು. ಗಂಡನ ಪೆನ್ಷನ್ ಬ್ಯಾಂಕಿಗೆ ಬರುತ್ತಿತ್ತು, ಅದನ್ನು ತೆಗೆಯಲು ಯಾರದೋ ಕಾಲು ಹಿಡಿಯಬೇಕಿತ್ತು. ಅವಳ ಹೆಸರನ್ನು ತಮಿಳಿನಲ್ಲಿ ಹೇಗೆ ಬರೆಯಬೇಕೆಂದು ನೆರೆಯವರನ್ನು ಕೇಳಿಕೊಂಡು ಮುನಿರತ್ನಮ್ಮ ಬೆತ್ತದಲ್ಲಿ ಮಾಡಿಕೊಟ್ಟಳು. ಕೋದಂಡಪ್ಪ ಚಪ್ಪರದಲ್ಲಿ ಅವಳನ್ನು ಕೂರಿಸಿಕೊಂಡು ತಿದ್ದಿಸಿದ. ಮ್ಯಾನೇಜರು ಅಷ್ಟರಲ್ಲಿ ವರ್ಗವಾಗಿ ಹೋಗಿದ್ದರು. ಆದರೆ ಅವರು ಮಾಡಿಟ್ಟುಹೋದ ದಾರಿ ಉಳಿದಿತ್ತು, ಮಾರಿಯಮ್ಮನಿಗೆ ಅವನಷ್ಟು ಕಾಯಬೇಕಾಗಲಿಲ್ಲ.

ತೊಂಬತ್ತರ ದಶಕ ಶುರುವಾದಾಗ ಕಚೇರಿಗಳಿಗೆ ಕಬ್ಬಿಣದ, ಸ್ಪಂಜಿನ ಕುರ್ಚಿಗಳು ಬಂದವು. ಬೆತ್ತದ ಕೆಲಸ ಕಡಿಮೆಯಾಯಿತು. ಕೋದಂಡಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಎಸ್‌ಟಿಡಿ ಬೂತ್ ಹಾಕಿಕೊಂಡ. ಅದಕ್ಕೆ ಕಟ್ಟಬೇಕಾದ ಠೇವಣಿಯನ್ನೂ ತನ್ನ ಚೆಕ್ಕಿನಿಂದಲೇ ಕಟ್ಟಿದ. ಆ ಹೊತ್ತಿಗೆ ಖಾತೆಯಲ್ಲಿ ಮುನಿರತ್ನಮ್ಮನ ಹೆಸರನ್ನೂ ಸೇರಿಸಿ, ಇಬ್ಬರಲ್ಲಿ ಯಾರು ರುಜು ಹಾಕಿದರೂ ನಡೆಯುವಂತೆ ಮಾಡಿಸಿದ್ದ. ಅವಳು ಬೇಡವೆಂದರೂ ಕೇಳಿರಲಿಲ್ಲ. ಹೆಸರು ಸೇರಿ ವರ್ಷ ಕಳೆದರೂ ಅವಳು ಒಂದು ಚೆಕ್ಕನ್ನೂ ಬರೆದಿರಲಿಲ್ಲ, ಮನೆಗೆ ಏನು ಬೇಕಾದರೂ ಅವನಿಂದಲೇ ರುಜು ಹಾಕಿಸುತ್ತಿದ್ದಳು.

ಒಂದು ಸಂಜೆ ಅವನು ಬೂತಿನಿಂದ ಬಂದು ಕೈಕಾಲು ತೊಳೆದು ಕೂತ. ಮುನಿರತ್ನಮ್ಮ ಕಾಫಿ ಕೊಟ್ಟು ಪಕ್ಕದಲ್ಲಿ ಕೂತಳು. ಅವಳು ತಲೆ ತಿರುಗಿಸಿದಾಗ ಸಣ್ಣಗೆ ಏನೋ ಕಿಣಿ ಎಂದಂತಾಯಿತು. ಕೋದಂಡಪ್ಪ ಕೈ ಚಾಚಿ ಅವಳ ಕಿವಿ ಮುಟ್ಟಿದ. ಓಲೆ ಹೊಸದು. ಸುತ್ತ ಸಣ್ಣ ಕಲ್ಲುಗಳು, ಕೆಳಗೆ ತೂಗುವ ಒಂದು ಗುಂಡು. ಬೆರಳು ಅದರ ಸುತ್ತ ಒಂದು ಸುತ್ತು ಬಂತು.

"ಇದ್ಯಾವಾಗ?"

"ಇವತ್ತು ಮಧ್ಯಾನ," ಅಂದಳು ಮುನಿರತ್ನಮ್ಮ. ಅವಳ ದನಿಯಲ್ಲಿ ನಗು ಇತ್ತು. "ಸೇಟು ಅಂಗ್ಡೀಗೆ ನಾನೇ ಓಗಿದ್ದೆ. ನಿಮ್ಮನ್ನ ಕೇಳ್ಲಿಲ್ಲ. ನನ್ ರುಜು ಆಕಿ ತಗಂಡೆ."